ಎಡಕ್ಕೆ ಬಿದ್ದ ಪಂದ್ಯ

ನಮ್ಮಪ್ಪನಿಗೆ ದೇವರಿರಲಿಲ್ಲ, ಫುಟ್‌ಬಾಲ್ ತಂಡವಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಯಂತ್ರದ ಕೆಲಸ ಕಲಿಯಲೆಂದು ಸರ್ಕಾರ ಇಂಗ್ಲೆಂಡಿಗೆ ಕಳಿಸಿದ ಹುಡುಗರಲ್ಲಿ ಅವನೂ ಒಬ್ಬ. ಅಲ್ಲಿನ ಗಿರಣಿಗಳ ಊರೊಂದರಲ್ಲಿ ಕೆಲವು ತಿಂಗಳಿದ್ದು, ಶನಿವಾರ ಶನಿವಾರ ಆ ಊರಿನ ತಂಡದ ಆಟ ನೋಡಿ, ಅದನ್ನೇ ತಲೆಯಲ್ಲಿ ತುಂಬಿಕೊಂಡು ಬಂದಿದ್ದ. ತಿಕೋಟಾದಲ್ಲಿ ಮನೆ ಮಾಡಿ, ಬಬಲೇಶ್ವರ, ಜೈನಾಪುರದ ಬಾವಿಗಳ ಎಣ್ಣೆ ಇಂಜಿನ್ನು ರಿಪೇರಿ ಮಾಡುತ್ತಿದ್ದವನಿಗೆ ಆ ತಂಡದಿಂದ ಆಗಬೇಕಾದ್ದೇನೂ ಇರಲಿಲ್ಲ. ತಂಡವಾದರೂ ಎಂಥದು? ಎರಡನೇ ದರ್ಜೆಯ ಲೀಗಿಗೆ ಜಾರಿ ವರ್ಷಗಟ್ಟಲೆ ಅಲ್ಲೇ ಬಿದ್ದುಕೊಂಡಿತ್ತು. ಬೇಸಿಗೆಗೆ ಆಟದ ವರ್ಷ ಮುಗಿದಾಗ ಮೊದಲ ಎರಡು ಸ್ಥಾನದವರು ಮಾತ್ರ ಮೇಲಿನ ದರ್ಜೆಗೆ ಹೋಗುತ್ತಿದ್ದರು. ನಮ್ಮವರ ಸ್ಥಾನ ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ.

ಶನಿವಾರದ ಫಲಿತಾಂಶಗಳನ್ನು ಲಂಡನ್ ರೇಡಿಯೊ ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ಓದುತ್ತಿತ್ತು. ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ರೇಡಿಯೊದ ಬ್ಯಾಟರಿಯನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಒಯ್ದು ಚಾರ್ಜು ಮಾಡಿಸಿಕೊಂಡು ಬರಬೇಕು. ಹೆಂಡತಿಗೆ ಒಂದು ದಿನ ಗೋಳಗುಮ್ಮಟ ತೋರಿಸದವನು ಬ್ಯಾಟರಿಯನ್ನು ಮಾತ್ರ ವಾರವಾರ ಊರು ತಿರುಗಿಸುತ್ತಾನೆ ಎಂದು ಅವ್ವ ಗೊಣಗುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ, ದೀಪಾವಳಿಯ ಹೊತ್ತಿಗೆ ಅಪ್ಪನ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ವಿಜಾಪುರದ ಡಾಕ್ಟರು ಒತ್ತಿ ನೋಡಿ, ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ, ತಡ ಮಾಡಬೇಡಿ ಎಂದರು. ನಮ್ಮ ಮನೆಯಿದ್ದದ್ದೇ ಅಥಣಿ ರಸ್ತೆಗೆ. ಮಿರಜಿನ ಬಸ್ಸು ಬಾಗಿಲ ಮುಂದೆಯೇ ಹಾಯುತ್ತಿತ್ತು, ಕೈ ಮಾಡಿದರೆ ನಿಲ್ಲುತ್ತಿತ್ತು.

ಹೋಗುವ ಮೊದಲು ಪ್ರಸಾದ ಕೇಳೋಣ ಎಂದಳು ಅವ್ವ. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕುವಾಗ ದೇವರ ಮೇಲೆ ಹೂವಿಟ್ಟು ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಒಂದು ವಿಷಯಕ್ಕೆ ಒಂದೇ ಸಲ ಕೇಳಬೇಕು. ಮತ್ತೆ ಕೇಳಿದರೆ ದೇವರ ಮಾತನ್ನು ನಂಬಲಿಲ್ಲ ಎಂದಂತೆ.

ಅಪ್ಪನಿಗೆ ಕತ್ತರಿಸಿಕೊಳ್ಳುವ ಹೆದರಿಕೆ. ಹೆದರಿದಾಗೆಲ್ಲ ಚೇಷ್ಟೆ ಮಾಡುವುದು ಅವನ ಚಾಳಿ. ಆ ವರ್ಷ ತಂಡ ಎಂದೂ ಇಲ್ಲದ್ದು ಎರಡನೇ ಸ್ಥಾನಕ್ಕೆ ಏರಿ ಕೂತಿತ್ತು.

"ನಿನ್ನ ಹೂವು ಬ್ಯಾಡ. ನನ್ನ ಪ್ರಸಾದ ಈ ಪೆಟಿಗ್ಯಾಗ ಐತಿ," ಎಂದು ರೇಡಿಯೊ ತಟ್ಟಿದ. "ನಮ್ಮ ತಂಡ ಮ್ಯಾಲ ಹೋತಂದ್ರ ನಾನೂ ಮಿರಜಿಗಿ ಹೋಗ್ತೇನಿ."

ಆಗಷ್ಟೇ ಸಾಲಿ ಮಾಸ್ತರಿಣಿಯಾಗಿದ್ದ ನಾನು ನಕ್ಕೆ. ಅವ್ವ ನಗಲಿಲ್ಲ. ಇಷ್ಟು ವರ್ಷಕ್ಕೆ ಗಂಡ ಒಂದು ಮಾತಿಗಾದರೂ ಕಟ್ಟುಬಿದ್ದನಲ್ಲ ಎನಿಸಿರಬೇಕು. ತಲೆಗೆ ನೀರು ಹಾಕಿಕೊಂಡು ಬಂದು ರೇಡಿಯೊಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಗುಡಿಯಲ್ಲಿ ಕೇಳುವ ಹಾಗೆಯೇ ಸೆರಗೊಡ್ಡಿ ಕೇಳಿದಳು.

ಅಂದಿನಿಂದ ಗೊಣಗಾಟ ನಿಂತಿತು. ಬ್ಯಾಟರಿಯನ್ನು ಬಸ್ಸಿಗೆ ಏರಿಸುವವಳೂ ಅವಳೇ ಆದಳು. ಇಂಗ್ಲಿಷಿನ ಗಂಧವಿಲ್ಲದ ಹೆಂಗಸು ಆ ತಂಡದ ಹೆಸರು ಗುರುತು ಹಿಡಿದಳು. ಓದುವವನ ದನಿ ಏರುವುದು, ಇಳಿಯುವುದು ಕೇಳಿಯೇ ಗೆದ್ದರೋ ಸೋತರೋ ನನಗಿಂತ ಮೊದಲು ಹೇಳುತ್ತಿದ್ದಳು. ಅಷ್ಟರಲ್ಲಿ ಅಲ್ಲಿ ಹಿಮ ಬಿದ್ದು ಮೈದಾನಗಳು ಗಡ್ಡೆಗಟ್ಟಿದವು. ವಾರಗಟ್ಟಲೆ ಆಟವೇ ಇಲ್ಲ. ಪಂದ್ಯಗಳು ಮುಂದಕ್ಕೆ ಹೋದ ಹಾಗೆ ಮಿರಜೂ ಮುಂದಕ್ಕೆ ಹೋಯಿತು. ಇಲ್ಲಿ ಬಿಸಿಲು ಏರಿತು, ಅಪ್ಪನ ಗಂಟು ಬೆಳೆಯಿತು, ಅರ್ಧ ರೊಟ್ಟಿಯೂ ಒಳಗೆ ನಿಲ್ಲದಾಯಿತು. ಎಲ್ಲೋ ಬಿದ್ದ ಹಿಮಕ್ಕೆ ನಾವೇಕೆ ಕಾಯಬೇಕು ಎಂದು ನಾನು ಜಗಳ ತೆಗೆದರೆ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬನಿಗೆ ತಪ್ಪಿಸಿಕೊಳ್ಳಲು ನೆವ ಬೇಕಿತ್ತು, ಇನ್ನೊಬ್ಬಳಿಗೆ ಉತ್ತರ ಬೇಕಿತ್ತು.

ಮೇ ಕೊನೆಗೆ ಕಡೆಯ ಪಂದ್ಯ. ಗೆದ್ದರೆ ಮೇಲೆ. ಭಾನುವಾರ ಬೆಳಿಗ್ಗೆ ಓದುವವನು ನಮ್ಮ ತಂಡದ ಹೆಸರಿಗೆ ಬರುತ್ತಲೇ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಂಕಿ ಬಂತು. ಸೋತಿದ್ದರು.

ಅಪ್ಪ ರೇಡಿಯೊ ಆರಿಸಿದ. ನೋವು ಆಗಲೇ ಹೆದರಿಕೆಯನ್ನೂ ಮೀರಿತ್ತು. "ಅರಬಿ ಕಟ್ಟ. ನಾಳಿನ ಬಸ್ಸಿಗಿ ಹೋಗೂಣು," ಎಂದ. "ಅದು ನಾ ಚಾಷ್ಟಿಗಿ ಅಂದಿದ್ದು."

"ನೀವು ಚಾಷ್ಟಿಗಿ ಅಂದ್ರಿ. ನಾ ಖರೇನ ಕೇಳೇನ್ರಿ," ಎಂದಳು ಅವ್ವ. "ಎಡಕ್ಕ ಬಿದ್ದೈತಿ. ಹ್ವಾದ್ರ ನೀವು ತಿರುಗಿ ಬರೂದಿಲ್ಲ."

ನಾನು ಕೂಗಾಡಿದೆ. ಹಾಗಾದರೆ ಈಗಲೇ ಗುಡಿಗೆ ನಡೆ, ಹೂವಿಟ್ಟು ಕೇಳು ಎಂದು ಕೈ ಹಿಡಿದು ಎಳೆದೆ. ಕೇಳಿದ್ದನ್ನೇ ಕೇಳಬಾರದೆಂದು ಅವಳು ಕಂಬ ಹಿಡಿದು ಕೂತಳು. ಮಾರನೆಯ ದಿನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಮಗ್ಗುಲಲ್ಲಿ ನಾನೇ ಕಟ್ಟಿದ ಬಟ್ಟೆಯ ಗಂಟು. ಬಸ್ಸು ಬಂತು. ಅವನು ಒಳಗೆ ಅಳುತ್ತಿದ್ದವಳ ಕಡೆ ತಿರುಗಿ ನೋಡಿದ, ಕೈ ಮಾಡಲಿಲ್ಲ. ನನ್ನ ಕೈಯನ್ನೂ ಹಿಡಿದುಕೊಂಡ. ಶ್ರಾವಣದಲ್ಲಿ ತೀರಿಹೋದ. ಇಬ್ಬರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ.

ಮರುವರ್ಷ ಬೇಸಿಗೆಯಲ್ಲಿ, ಸುದ್ದಿ ಕೇಳಲೆಂದು ನಾನೇ ಬ್ಯಾಟರಿ ಚಾರ್ಜು ಮಾಡಿಸಿ ತಂದಿದ್ದೆ. ಭಾನುವಾರ ಬೆಳಿಗ್ಗೆ ಆ ಹೆಸರು ಬಂತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಮ್ಯಾಲ ಹೋತೇನು?" ಎಂದಳು ಅವ್ವ.

ಹೋಯಿತು ಎಂದೆ. ಆಪರೇಷನ್ ಮಾಡಿಸಿದ್ದರೆ ಉಳಿಯುತ್ತಿದ್ದನೇನೋ ಎಂದು ಈಗಲಾದರೂ ಅಂದಾಳೆಂದು ಕಾದೆ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು.

"ಒಂದು ವರ್ಸ ತಡದು ಕೇಳಬೇಕಾಗಿತ್ತು," ಎಂದಳು. "ನಾ ಅವಸರ ಮಾಡಿದೆ."