ಕರಿಯಕ್ಕನ ಚೊಂಬು

ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲು ಬಯಲಿನ ಮೇಲೆ ಬೆಳಕು ಹರಿಯುವ ಹೊತ್ತಿಗೆ, ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಮಾರುತೇಶ ಕೈಗವಸು ತೊಟ್ಟು ಫ್ರೀಜರಿನ ಬಾಗಿಲು ತೆರೆಯುತ್ತಾರೆ. ಬಿಳಿ ಹಬೆ ಮುಖಕ್ಕೆ ಬಡಿಯುತ್ತದೆ. ಒಳಗೆ ಬೆರಳುದ್ದದ ಕೊಳವೆಗಳು, ಅವುಗಳಲ್ಲಿ ಸುತ್ತಲಿನ ಹಟ್ಟಿಗಳ ಜನರ ರಕ್ತ. ಅದರಿಂದ ಡಿಎನ್‌ಎ ಬೇರ್ಪಡಿಸಿ, ತೊಂಬತ್ತಾರು ಗುಳಿಗಳ ತಟ್ಟೆಗೆ ಹನಿಹನಿಯಾಗಿ ತುಂಬಿ, ವಂಶವಾಹಿಯ ಅಕ್ಷರ ಓದುವ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಒಂದು ಹನಿ ಪಕ್ಕದ ಗುಳಿಗೆ ಸಿಡಿದರೂ ಇಬ್ಬರು ಮನುಷ್ಯರು ಬೆರೆತುಹೋಗುತ್ತಾರೆ. ಮಾರುತೇಶ ಉಸಿರನ್ನೂ ಅಳೆದು ಬಿಡುತ್ತಾರೆ.

ಅಪ್ಪ ಇದೇ ಕಾವಲಿನಲ್ಲಿ ಕುರಿ ಮೇಯಿಸಿದವರು. ಮಗ ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಓದಿ, 2007ರಲ್ಲಿ ಈ ಸಂಶೋಧನಾ ಕೇಂದ್ರ ಸೇರಿದರು. ರಕ್ತ ಕೇಳಲು ಹಟ್ಟಿಗೆ ಹೋದಾಗ ಜನ ಹಿಂದೆ ಸರಿದರು. ಮೊದಲು ತೋಳು ಚಾಚಿದ್ದು ಅವರ ದೊಡ್ಡವ್ವ ಕರಿಯಕ್ಕ. "ನಮ್ಮುಡ್ಗ ಕೇಳ್ತಾವ್ನೆ, ಕೊಡ್ರೇ" ಅಂದರು. ಆಮೇಲೆ ಎಲ್ಲರೂ ಕೊಟ್ಟರು.

"ವರದಿ ಕೊಡ್ತೀವಿ ಅಂದಿದ್ರು ಸಾಹೇಬ್ರು. ನಾನೂ ಅದನ್ನೇ ಹೇಳ್ದೆ" ಎನ್ನುವಾಗ ಮಾರುತೇಶರ ಕಣ್ಣು ನೆಲದ ಮೇಲಿದೆ. ಜನ ರಕ್ತ ಕೊಟ್ಟು ಎರಡು ವರ್ಷವಾದರೂ ವರದಿ ಬಂದಿಲ್ಲ.

ಕೆಲಸ ಮುಗಿದ ಮೇಲೆ, ಅವರ ಬಗ್ಗೆ ಬರೆಯಲು ಬಂದಿರುವ ನಾನು ಅವರೊಂದಿಗೆ ಬಸ್ಸಿಗೆ ನಡೆದು ಹೊರಡುತ್ತೇನೆ. ಕರಿಯಕ್ಕನ ಹಟ್ಟಿ ಬಂದಾಗ ಅವರು ದಾರಿ ಬಿಟ್ಟು ಬೇಲಿಯ ಹಿಂದೆ ಇಳಿಯುತ್ತಾರೆ.

"ಲೇ ಮಾರುತೇಶ, ತೋಳದಂಗೆ ಬೇಲಿ ಹಿಂದೆ ಎಲ್ಲಿಗ್ಲಾ?" ಕರಿಯಕ್ಕ ಎದುರಿಗೇ ನಿಂತಿದ್ದಾರೆ.

"ಬಸ್ಸಿಗೆ, ದೊಡ್ಡವ್ವ."

"ಬಸ್ಸು ಬರಾದು ಆ ಕಡೆ. ನನ್ ಕಾಲು ಜೋಮು ಹಿಡೀತೈತಲ್ಲ, ರಕ್ತ ಏನಂತು?"

"ಕೊಳವೆ ಮ್ಯಾಲೆ ಹೆಸ್ರಿಲ್ಲ, ದೊಡ್ಡವ್ವ. ಬರೀ ನಂಬರ್ರು. ನಿಂದ್ಯಾವುದು ಅಂತ ನಂಗೂ ಗೊತ್ತಿಲ್ಲ. ಕಾಯಿಲೆ ನೋಡಾಕೆ ತಗಂಡಿದ್ದೇ ಅಲ್ಲ ಅದು. ಹೇಳಾಕೆ ಮಕ ಇರ್ಲಿಲ್ಲ."

ಕರಿಯಕ್ಕ, "ನಾವು ಕುರಿಗೂ ಕಿವಿ ಗುರುತು ಹಾಕ್ತೀವಲ್ಲೋ, ಯಾರ್ದು ಅಂತ ಗೊತ್ತಾಗ್ಲಿ ಅಂತ" ಎಂದು ಒಳಗೆ ಹೋಗಿ, ಚೊಂಬಿನಲ್ಲಿ ಮಜ್ಜಿಗೆ ತರುತ್ತಾರೆ. "ಮಕ ಬಾಡೈತೆ, ಕುಡಿ." ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸುತ್ತದೆ. ಮಾರುತೇಶ ಚೊಂಬು ಹಿಡಿದೇ ಓಡುತ್ತಾರೆ.

ಈ ಹಟ್ಟಿಗಳಲ್ಲಿ ಹಾಲು ಮಜ್ಜಿಗೆ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ವಾರದ ನಂತರ ಮತ್ತೆ ಹೋದಾಗ, ಬೆಳಗಿದ ಚೊಂಬು ಕೇಂದ್ರದ ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಲ್ಲಿದೆ.

"ಒಂದಿಷ್ಟು ಶೇಂಗಾ ಹಾಕಿ ಕೊಡಬಹುದಲ್ಲ?" ಎಂದು ಕೇಳುತ್ತೇನೆ.

"ಕೊಡ್ಬೋದು ಸಾರ್. ಆಯಮ್ಮ ಕೊಟ್ಟಿದ್ದು ಬರೀ ಮಜ್ಜಿಗೆ ಅಲ್ವಲ್ಲ."

ಕೈಗವಸು ತೊಡುತ್ತ ಅವರು ಫ್ರೀಜರಿನ ಕಡೆ ತಿರುಗುತ್ತಾರೆ. "ಸೋಮವಾರ ರಜಾ ಹಾಕಿ ಆಯಮ್ಮನ್ನ ಚಳ್ಳಕೆರೆ ಆಸ್ಪತ್ರೆಗೆ ಕರ್ಕಂಡ್ ಹೋಗ್ತೀನಿ. ಅಲ್ಲಿ ರಕ್ತ ತಗಳ್ಳೋ ಕೊಳವೆ ಮ್ಯಾಲೆ ಕರಿಯಕ್ಕ ಅಂತ ಪಕ್ಕದಾಗೆ ನಿಂತು ಬರಸ್ತೀನಿ. ಆಮ್ಯಾಲೆ ಚೊಂಬು ಕೊಡ್ತೀನಿ."