ನಿಂತು ಆಡುವ ಮಾತು

ವನದುರ್ಗದ ಕೋಟೆಯ ಮೇಲೆ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಊರಾಚೆಯ ಬೋರಿಂಗಿನ ಹಿಂದೆ ಹದಿನೈದು ಹೆಂಗಸರು ಸುತ್ತಾಗಿ ನಿಂತಿದ್ದಾರೆ. ಕಂಕುಳಲ್ಲಿ ಬುತ್ತಿ, ಕಣ್ಣಲ್ಲಿ ನಿನ್ನೆಯ ನಿದ್ದೆ. ಯಾರೂ ಕೂರುವಂತಿಲ್ಲ. ಇವರನ್ನು ಗದ್ದೆಗೆ ಒಯ್ಯುವ ಟಂಟಂ ಆಟೊ ರಸ್ತೆಯ ಆಚೆ ಬದಿಯಲ್ಲಿದೆ. ಅದನ್ನು ಓಡಿಸುವ ದೇವು ಈಚೆಗೆ ಬರುವಂತಿಲ್ಲ.

“ನಿನ್ನಿ ಎಲ್ಲಿಗೆ ಬಿಟ್ಟೀವಿ, ಇವತ್ತ ಎಲ್ಲಿ ಇಳೀತೀರಿ, ಯಾರಿಗೆ ಏನ್ ಅಡ್ಡಿ ಅದ? ಜ್ಯೋತಿ, ನೀ ಮೊದಲ ಹೇಳು,” ಎನ್ನುತ್ತಾರೆ ಗುಂಪಿನ ಮುಂದಾಳು ಮರಿಲಿಂಗಮ್ಮ.

ಜ್ಯೋತಿ ಎಲ್ಲರಿಗಿಂತ ಚಿಕ್ಕವಳು. “ಮುಟ್ಟಾಗೀನಿ ಚಿಗವ್ವ. ಆಳಾನ ರಾಡ್ಯಾಗ ಇಳಿಯಂಗಿಲ್ಲ.”

“ದಂಡಿಗಿ ನಿಂತು ಸಸಿ ಹಚ್ಚು. ಮುಂದ?”

“ನಮ್ಮತ್ತಿ ರಾತ್ರಿಯೆಲ್ಲಾ...” ಎಂದು ಇನ್ನೊಬ್ಬಳು ಶುರು ಮಾಡುತ್ತಲೇ ಮರಿಲಿಂಗಮ್ಮನ ಓರಗೆಯ ದೇವಕ್ಕ ತಡೆಯುತ್ತಾರೆ. “ನಿಮ್ಮತ್ತಿ ಸುದ್ದೀನ ಸಂಜೀಗೆ ಟಂಟಂದಾಗ ಕುಂಡ್ರಸೋಣಂತ ತಗೋ. ಹೊತ್ತು ಏರಾಕತ್ತದ.”

ನಗು ಎದ್ದು ಅಡಗುತ್ತದೆ. ಎಲ್ಲರ ಸರದಿ ಮುಗಿದು ಮಾತು ಮರಿಲಿಂಗಮ್ಮನ ಬಳಿಗೆ ಬರುತ್ತದೆ. “ನಂದೇನಿಲ್ಲ, ನಡೀರಿ,” ಎನ್ನುತ್ತಾರೆ. ನೆಲದ ಮೇಲಿಟ್ಟ ಬುತ್ತಿ ಎತ್ತಿಕೊಳ್ಳಲು ಬಗ್ಗುವಾಗ ಅವರ ಇನ್ನೊಂದು ಕೈ ಟೊಂಕ ಹಿಡಿದುಕೊಳ್ಳುತ್ತದೆ.

ಕೊಂಕಲ್‌ನಿಂದ ಸೊಸೆಯಾಗಿ ಬಂದ ಮರಿಲಿಂಗಮ್ಮನಿಗೆ ಈಗ ಐವತ್ತು ದಾಟಿದೆ. ಕಾಲುವೆಗೆ ನೀರು ಬಿಟ್ಟರೆ ಶಹಾಪುರ, ಸುರಪುರದ ಗದ್ದೆಗಳಲ್ಲಿ ನೆಲ್ಲು ಹಚ್ಚುವುದೇ, ಅಂದರೆ ಭತ್ತದ ಸಸಿ ನೆಡುವುದೇ, ಇವರ ಗುಂಪಿನ ಕೆಲಸ. ಸಾಲಾಗಿ ನಿಂತು, ಬಗ್ಗಿ, ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೊತ್ತು ಮುಳುಗುವುದರೊಳಗೆ ಎರಡು ಎಕರೆ ಮುಗಿಸಬೇಕು. ಬಗ್ಗಲಾಗದವಳು ಮನೆಯಲ್ಲಿರಬೇಕು. ಇದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಇವರಿಗಿಂತ ಮೊದಲು ಮುಂದಾಳಾಗಿದ್ದವರೂ ಹಾಗೆಯೇ ಮನೆ ಸೇರಿದರು.

ಮೊದಲು ಬೆಳಗಿನ ಮಾತು ಗುಡಿಕಟ್ಟೆಯ ಮೇಲೆ ಕುಳಿತು ನಡೆಯುತ್ತಿತ್ತು. ದೇವು, ಗದ್ದೆಯವರ ಕಡೆಯ ಗಂಡಾಳು, ಎಲ್ಲರೂ ಅಲ್ಲೇ ಇರುತ್ತಿದ್ದರು. “ಕುಂತ್ರ ಒಬ್ಬೊಬ್ಬರ ಸಂಸಾರನೇ ಬಿಚ್ಚತಿತ್ರಿ. ಬಿಸಲು ಬಂದ್ರೂ ಕೆಲಸದ ಮಾತು ಬರ್ತಿದ್ದಿಲ್ಲ. ಬಾಯಿದ್ದವರು ಹೇಳೋರು, ಉಳಿದವರು ಹೂಂ ಅನ್ನೋರು,” ಎನ್ನುತ್ತಾರೆ ಮರಿಲಿಂಗಮ್ಮ, ಈ ಗುಂಪಿನ ಬಗ್ಗೆ ಬರೆಯಲು ಬಂದ ನನಗೆ.

ಹೋದ ವರ್ಷ ಜ್ಯೋತಿಯೂ ಒಂದು ದಿನ ಹಾಗೆ ಹೂಂ ಎಂದಳು. ವಿಪರೀತ ರಕ್ತ ಹೋಗುತ್ತಿತ್ತು. ಗಂಡಸರ ಮುಂದೆ ಹೇಳುವುದು ಹೇಗೆ? ಅವಳ ಪಾಲಿಗೆ ಮೊಣಕಾಲುದ್ದದ ಕೆಸರು ಬಂತು. ಸಾಲಿನಲ್ಲಿ ಹಿಂದೆ ಬಿದ್ದವಳನ್ನು ಎರಡೂ ಮಗ್ಗುಲಿನವರು ಸುತ್ತುಗಟ್ಟಿ ಸಸಿ ಹಚ್ಚಿ, ನಡುವೆ ಸಿಕ್ಕಿಸಿ ನಗುವುದು ಈ ಕೆಲಸದಲ್ಲಿ ಹಳೆಯ ವಿನೋದ. ಅವತ್ತೂ ನಕ್ಕರು. ಜ್ಯೋತಿ ಅಲ್ಲೇ ಕುಸಿದು ಕುಳಿತಾಗ ನೀರಿನ ಬಣ್ಣ ನೋಡಿ ನಗು ನಿಂತಿತು. ತಿಂಗಳೊಪ್ಪತ್ತು ಅವಳು ಏಳಲಿಲ್ಲ.

ಆಮೇಲೆ ಮಾತು ಬೋರಿಂಗಿನ ಹಿಂದಕ್ಕೆ ಬಂತು. ಗಂಡಸರು ದೂರ. ನಿಂತೇ ಮಾತಾಡುವುದು. ಮೆತ್ತಗಿನವಳು ಮೊದಲು, ಮುಂದಾಳು ಕೊನೆಗೆ. ಅವರವರ ಅಡ್ಡಿಯನ್ನು ಅವರವರೇ ಹೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಜಗಳವೇನಿದ್ದರೂ ಸಂಜೆಗೆ.

ಸಂಜೆ ಮನೆಯ ಮುಂದಿನ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ ಮರಿಲಿಂಗಮ್ಮನ ಮುಖದಲ್ಲಿ ಜೀವವಿಲ್ಲ. “ಹದಿನಾಕು ಮಂದಿ ಬಾಯಿ ಬಿಡಿಸೀನ್ರಿ ಅಕ್ಕಾರ. ನನ್ನ ಬಾಯಿನೇ ಬಿಡವಲ್ದು. ಟೊಂಕ ಬಗ್ಗಿದ್ರ ಏಳಂಗಿಲ್ಲ, ಎದ್ರ ಬಗ್ಗಂಗಿಲ್ಲ. ಹೇಳಿದ್ರ ಮನ್ಯಾಗ ಇರು ಅಂತಾರ. ನಾಳಿ ಹೇಳಬೇಕು, ನಾಳಿ ಹೇಳಬೇಕು ಅಂತ ಹದಿನೈದು ದಿನ ಆತು.”

ಮರುದಿನ ಬೆಳಗ್ಗೆ ಸರದಿ ಮತ್ತೆ ಅವರ ಬಳಿಗೆ ಬರುತ್ತದೆ. ಅವರು ಬುತ್ತಿಯ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾರೆ. ರಸ್ತೆಯ ಕಡೆಯಿಂದ ದೇವು ಹಾರ್ನ್ ಹೊಡೆಯುತ್ತಾನೆ.

“ನಂದು... ಟೊಂಕ ಬಗ್ಗವಲ್ದು,” ಎನ್ನುತ್ತಾರೆ, ನೆಲ ನೋಡುತ್ತ. “ಹದಿನೈದು ದಿನ ಆತು.”

“ಹದಿನೈದು ದಿನ!” ದೇವಕ್ಕ ಮೂಗು ಮುರಿಯುತ್ತಾರೆ. “ತಿಂಗಳಾತು ನಿನ್ನ ಸಾಲಿನಾಗ ಅರ್ಧ ನಾನೇ ಹಚ್ಚಾಕತ್ತೀನಿ. ಕಣ್ಣು ಎಲ್ಲಿಟ್ಟಿದ್ದಿ ಮರಿಲಿಂಗಿ?”

“ಗೊತ್ತಿದ್ರ ಹೇಳಬಾರದೇನ?”

“ಯಾರ ಅಡ್ಡಿ ಅವರೇ ಹೇಳಬೇಕಂತ ಕಾಯ್ದೆ ಮಾಡಿದಾಕಿ ಯಾರು? ನಮ್ಮವ್ವೇನು?”

ಯಾರೋ ಕಿಸಕ್ಕನೆ ನಗುತ್ತಾರೆ. ಎಲ್ಲರೂ ನಗುವುದಿಲ್ಲ. ಒಂದು ಸಾಲು ಕಡಿಮೆಯಾದರೆ ಆ ಕೆಲಸ ಉಳಿದವರ ಬೆನ್ನಿಗೇ ಬರುತ್ತದೆ. ಒಬ್ಬಿಬ್ಬರ ಮುಖ ಸಣ್ಣದಾಗುತ್ತದೆ. “ಒಡ್ಡಿನ ಮ್ಯಾಲ ನಿಂತು ಸಸಿಕಟ್ಟು ಒಗಿ ಚಿಗವ್ವ,” ಎನ್ನುತ್ತಾಳೆ ಜ್ಯೋತಿ. “ಆ ಗಂಡಾಳು ಒಗದ್ರ ಒಂದೂ ಕೈಗೆ ಬರಂಗಿಲ್ಲ.” ದೇವಕ್ಕ ತಲೆಯಾಡಿಸುತ್ತಾರೆ. ಈ ನಾಟಿ ಮುಗಿಯುವವರೆಗೆ ಹಾಗೆ ನಡೆಯಲಿ, ಮುಂದಿನದು ಮುಂದೆ ಎಂದಾಗುತ್ತದೆ. ಆಮೇಲೆ ಎಲ್ಲರೂ ಟಂಟಂ ಕಡೆ ನಡೆಯುತ್ತಾರೆ.

ಈಗ ಬಿಸಿಲು ಏರಿದೆ. ಮರಿಲಿಂಗಮ್ಮ ಗದ್ದೆಯ ಒಡ್ಡಿನ ಮೇಲೆ ನಿಂತು, ಕೆಸರಿನಲ್ಲಿ ಬಗ್ಗಿದವರ ಹಿಂದೆ ಒಂದೊಂದೇ ಕಟ್ಟು ಎಸೆಯುತ್ತಿದ್ದಾರೆ. ನಾನು ಮುಂದಿನ ವರ್ಷದ ಮಾತು ಎತ್ತಿದರೆ ಇನ್ನೆರಡು ಕಟ್ಟು ಎಸೆಯುತ್ತಾರೆ.

“ಇನ್ನೊಂದು ವರ್ಷ ಕರಕೊಂಡು ಬಂದ್ರ ಸಾಕ್ರಿ,” ಎನ್ನುತ್ತಾರೆ ಕೊನೆಗೆ. “ಮನ್ಯಾಗ ಗಂಡ ಇದ್ದಾನ, ಮಗ ಸೊಸಿ ಅದಾರ, ಯಾರೂ ಕೆಟ್ಟವರಲ್ಲ. ಖರೇ ಹೇಳ್ತೀನಿ, ಮದುವ್ಯಾಗಿ ಬಂದಾಗಿಂದ ನಿನಗೇನಾಗ್ಯಾದ ಅಂತ ಒಬ್ಬರೂ ಕೇಳಿಲ್ಲ. ಇಲ್ಲಿ ದಿನಾ ಕೇಳ್ತಾರ.”