ಮಾತು ಮುಗಿಯುವ ತನಕ ಎಳ್ಳುಂಡೆ ಇಲ್ಲ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ನಮ್ಮ ಚಾಳಿನವರೆಲ್ಲ, ವಠಾರದ ಅಷ್ಟೂ ಮನೆಯವರು, ಯಜಮಾನರಾಗಿದ್ದರು. ನಾನು ಉಗ್ಗುತ್ತಿದ್ದೆ. 'ನೀರು' ಎನ್ನಲು ಹೋದರೆ ಮೊದಲ ಅಕ್ಷರವೇ ಸಿಕ್ಕಿಕೊಳ್ಳುತ್ತಿತ್ತು. ಉಳಿದದ್ದನ್ನು ಯಾರಾದರೂ ಹೇಳಿ ಮುಗಿಸಿ, ನಕ್ಕು ಹೋಗುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ, ಮಕ್ಕಳೇ. ವಯಸ್ಸಾಯಿತು, ಕ್ಷಮಿಸಿಬಿಡಿ ಎನ್ನುತ್ತಾರೆ. ನಾನು ಕ್ಷಮಿಸಿಲ್ಲ.

ನಾವು ಬಿಜಾಪುರದ ಕಡೆಯವರು, ಮುಂಬಯಿಗೆ ದುಡಿಯಲು ಬಂದವರು. ಗೋರೆಗಾಂವ್‌ನ ಚಾಳಿನಲ್ಲಿ ನಮಗೆ ಒಂದೇ ಖೋಲಿ. ಅವ್ವ ಇರಲಿಲ್ಲ; ಅಪ್ಪ, ಅಕ್ಕ, ನಾನು ಮೂವರೇ. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ದಿನಾ ಬೆಳಿಗ್ಗೆ ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು, ಮಾತು ಬರಲೆಂದು ನನ್ನ ನಾಲಿಗೆಗೆ ತಿಕ್ಕುತ್ತಿದ್ದ. ಖಾರವೂ ಹೌದು, ಕಹಿಯೂ ಹೌದು. ಕಣ್ಣಲ್ಲಿ ನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅಕ್ಕನ ಮದ್ದೇ ಬೇರೆ. ಅವಳು ಜೋಳದ ರೊಟ್ಟಿ ಬಡಿಯುವಾಗ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಅಂಗೈ 'ಟಪ್' ಎಂದಾಗ ನಾನು ಒಂದು ಅಕ್ಷರ ಹೇಳಬೇಕು. ಟಪ್, ನೀ. ಟಪ್, ರು. ಸ್ಟೋವಿನ ಸೀಮೆಎಣ್ಣೆಯ ವಾಸನೆಯ ಜೊತೆಗೆ ಬೆಂದ ಹಿಟ್ಟಿನ ಘಮವೂ ಇರುತ್ತಿತ್ತು. ನಾನು ಸಿಕ್ಕಿಕೊಂಡರೆ ಅವಳೂ ಎತ್ತಿದ ಕೈಯನ್ನು ಹಾಗೇ ನಿಲ್ಲಿಸುತ್ತಿದ್ದಳು. ಹಂಚು ಕಾದು ಹೊಗೆಯಾಡಿದರೂ ಬಡಿಯುತ್ತಿರಲಿಲ್ಲ. "ರೊಟ್ಟಿಗೇ ಗಡಿಬಿಡಿ ಇಲ್ಲ, ನಿನಗ್ಯಾಕೋ?" ಎನ್ನುತ್ತಿದ್ದಳು. ಉಗ್ಗು ಹೋಗಲಿಲ್ಲ. ಹೆದರಿಕೆ ಒಂದಿಷ್ಟು ಕಮ್ಮಿಯಾಯಿತು.

ಸಂಕ್ರಾಂತಿ ಬಂತು. ಮುಂಬಯಿಯಲ್ಲಿ ಅಂದು ಮಕ್ಕಳು ಮನೆಮನೆಗೆ ಎಳ್ಳುಂಡೆ ಒಯ್ದು, "ತಿಳಗೂಳ ಘ್ಯಾ, ಗೋಡ ಗೋಡ ಬೋಲಾ" ಎನ್ನಬೇಕು. ಎಳ್ಳುಂಡೆ ತಗೊಳ್ಳಿ, ಸಿಹಿಯಾಗಿ ಮಾತಾಡಿ ಎಂದು ಅರ್ಥ. ಮೊದಲು ಮಾತು, ಆಮೇಲೆ ಉಂಡೆ. ಅಪ್ಪ ಎಳ್ಳುಂಡೆಯ ತಾಟನ್ನು ನನ್ನ ಕೈಗಿಟ್ಟು, "ಇವತ್ತ ನೆಟ್ಟಗ ಹೇಳಲಿಲ್ಲಂದ್ರ ಊರಿಗೆ ಕಳಸ್ತೀನಿ, ಎಮ್ಮಿ ಕಾಯಾಕ. ಮಂದಿ ಮುಂದ ನನ್ನ ಮಾನ ಹೊಂಟೈತಿ" ಎಂದ. ಅವನು ಆಡಿದಂತೆ ಮಾಡುವವನು. ಅಕ್ಕನನ್ನು ಬಿಟ್ಟು ಹೋಗಬೇಕಲ್ಲ ಎಂದುಕೊಳ್ಳುತ್ತಲೇ ತಾಟು ಹಿಡಿದು ಹೊರಟೆ.

ಎದುರು ಖೋಲಿಯ ಕಾಕಾ ನಮ್ಮ ಕಡೆಯವನೇ. ಹೊಟ್ಟೆ ಉರಿಯುವುದು ಅದಕ್ಕೇ. ನನ್ನನ್ನು ಕಂಡವನೇ ಅಕ್ಕಪಕ್ಕದವರನ್ನೆಲ್ಲ ಕರೆದ. "ಬರ್ರಿ, ರೇಡಿಯೋ ಬಂತು. ಸ್ಟೇಶನ್ ಹತ್ತವಲ್ದು, ಬರೇ ಖರಖರ." ಎಲ್ಲರೂ ನಕ್ಕರು. ನಾನು "ತಿ... ತಿ..." ಎಂದು ನಿಂತೆ. "ಗೋಡ ಗೋಡ ಬೋಲಾ, ಆತಲ್ಲ, ತಾ ಇಲ್ಲಿ" ಎಂದು ಕಾಕಾ ತಾನೇ ಹೇಳಿ ಮುಗಿಸಿ ಕೈ ಚಾಚಿದ.

ಹಿಟ್ಟಿನ ಕೈಯಲ್ಲೇ ನಮ್ಮ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಕಾಕಾ, ತಡೀರಿ. ಅವನ ಮಾತು ಇನ್ನಾ ಮುಗಿದಿಲ್ಲ" ಎಂದಳು. ದೊಡ್ಡವರಿಗೆ ಹಾಗೆ ಹೇಳುವ ಹುಡುಗಿ ಆ ಚಾಳಿನಲ್ಲಿ ಇನ್ನೊಬ್ಬಳಿರಲಿಲ್ಲ. ಅಪ್ಪ "ಒಳಗ ನಡಿ" ಎಂದು ಗದರಿದ. ಅವಳು ಕದಲಲಿಲ್ಲ. ರೊಟ್ಟಿ ಬಡಿಯುವಾಗ ನಿಲ್ಲಿಸುತ್ತಿದ್ದಂತೆ ಕೈ ಎತ್ತಿ ನಿಂತಳು.

ನಾನು ತಾಟನ್ನು ಎದೆಗೆ ಒತ್ತಿಕೊಂಡೆ. ಉಗ್ಗುತ್ತಲೇ ಹೇಳಿದೆ. 'ಘ್ಯಾ' ಬಳಿ ಬಹಳ ಹೊತ್ತು ಸಿಕ್ಕಿಕೊಂಡೆ. ಕಾಕಾನ ಚಾಚಿದ ಕೈ ಚಾಚಿದಂತೆಯೇ ಇತ್ತು. ಸುತ್ತಲಿನ ನಗು ನಿಂತುಹೋಯಿತು. 'ಬೋಲಾ' ಬಂದ ಮೇಲೆ ಅವನ ಕೈಗೆ ಒಂದು ಉಂಡೆ ಹಾಕಿದೆ, ತಾಟಿನಲ್ಲಿ ಎಲ್ಲಕ್ಕಿಂತ ಸಣ್ಣದನ್ನು.

ನೆಟ್ಟಗೆ ಹೇಳಿರಲಿಲ್ಲ, ಪೂರ್ತಿ ಹೇಳಿದ್ದೆ. ಅಪ್ಪ ಊರಿನ ಮಾತು ಮತ್ತೆ ತೆಗೆಯಲಿಲ್ಲ. ಬಜೆ ತೇಯುವುದನ್ನು ಮಾತ್ರ ಬಿಡಲಿಲ್ಲ.

ಈಗ ನನ್ನ ಮೊಮ್ಮಗಳೂ ಉಗ್ಗುತ್ತಾಳೆ. ವಿಲೆ ಪಾರ್ಲೆಗೆ ಸ್ಪೀಚ್ ಥೆರಪಿಗೆಂದು ನಾನೇ ಲೋಕಲ್ ರೈಲಿನಲ್ಲಿ ಕರೆದೊಯ್ಯುತ್ತೇನೆ. ಅಲ್ಲಿ ಕೈಗೊಂಬೆಗಳಿವೆ, ಸಾಬೂನಿನ ಗುಳ್ಳೆ ಊದುವ ಆಟವಿದೆ, ನಿಧಾನ ಮಾತಾಡುವ ಬಟ್ಟೆಯ ಆಮೆಯಿದೆ. ಡಬ್ಬಿ ಬಡಿದು ತಾಳಕ್ಕೆ ಮಾತಾಡಿಸುತ್ತಾರೆ. ಅದನ್ನು ಕೇಳಿದಾಗ ಅಕ್ಕನ ನೆನಪಾಗಿ ಕಣ್ಣು ತುಂಬಿತು. "ಅವಳ ಮಾತನ್ನು ನೀವು ಮುಗಿಸಬೇಡಿ, ಕಾಯಿರಿ" ಎಂದು ನಮಗೆಲ್ಲ ಹೇಳಿದ್ದಾರೆ. ಇಷ್ಟೇ ಆಗಿತ್ತು ಬೇಕಾದದ್ದು. ಕಾಯ್ದಿದ್ದರೆ ಚಾಳಿನವರ ಗಂಟೇನು ಹೋಗುತ್ತಿತ್ತು?

ನಾಳೆ ಸಂಕ್ರಾಂತಿ. ಬಿಲ್ಡಿಂಗಿನವರು ಫೋನು ನೋಡುತ್ತಲೇ ಕೈ ಚಾಚುತ್ತಾರೆ, ನನಗೆ ಗೊತ್ತು. ಕೇಳವ್ವ ಮೊಮ್ಮಗಳೇ, ತಾಟು ನಿನ್ನ ಕೈಯಲ್ಲಿರುತ್ತದೆ. ನಿನ್ನ ಮಾತು ಮುಗಿಯುವ ತನಕ ಯಾರಿಗೂ ಉಂಡೆ ಕೊಡಬೇಡ. ಅವಸರ ಮಾಡಿದರೆ ನನಗೂ ಕೊಡಬೇಡ.